ಮೂರು ಬೆರಳು, ನಾಲ್ಕು ಆಟ

ನಾನು ಓದು ನಿಲ್ಲಿಸಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇಂಗ್ಲಿಷ್ ಮೇಷ್ಟರು ಬೋರ್ಡಿನ ಮೇಲೆ ಬರೆದದ್ದು ನನಗೆ ಒಂದು ಚೂರೂ ತಲೆಗೆ ಹತ್ತುತ್ತಿರಲಿಲ್ಲ. ಮದ್ದೂರಿನ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರು ಬಿಚ್ಚಿ ಹಾಕಿದ್ದರೆ ಮಾತ್ರ, ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ನೋಡುತ್ತಲೇ ಗೊತ್ತಾಗುತ್ತಿತ್ತು. ಗೊತ್ತಾಗುವ ಕಡೆಗೆ ಹೋದೆ. ಇಪ್ಪತ್ತೈದು ದಾಟುವ ಹೊತ್ತಿಗೆ ನನ್ನದೇ ಅಂಗಡಿ ಆಯಿತು. ಹತ್ತಿರದ ಕೊಪ್ಪದ ಸುತ್ತಿನ ಪಂಪ್‌ಸೆಟ್ಟುಗಳಲ್ಲಿ ನನ್ನ ಕೈ ತಾಮ್ರ ಸುತ್ತದ ಮೋಟಾರು ಕಡಿಮೆ. ಜಂಬ ಅಂತ ಯಾರಾದರೂ ಅಂದರೆ ಅನ್ನಲಿ, ಇರುವುದನ್ನೇ ಹೇಳುತ್ತಿದ್ದೇನೆ.

ಇಂಥ ನಾನು ವಿಡಿಯೋ ಗೇಮುಗಳ ಬಗ್ಗೆ ಬರೆಯಲು ಕೂತಿದ್ದಕ್ಕೆ ಕಾರಣ ಒಂದು ವಾಸನೆ. ಹೋದ ತಿಂಗಳು ಅಕ್ಕನ ಗಂಡ, ನಮ್ಮ ಭಾವ, ರಿಟೈರ್ ಆದರು. ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಶಿಫ್ಟು ಮಾಡಿದವರು. ಬ್ಲಫ್‌ನ ಕ್ವಾರ್ಟರ್ಸು ಖಾಲಿ ಮಾಡಬೇಕಿತ್ತು, ಸಾಮಾನು ಕಟ್ಟಲು ಹೋಗಿದ್ದೆ. ಅಟ್ಟದಿಂದ ಇಳಿಸಿದ ಒಂದು ರಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ಘಾಟು. ಒಳಗಿದ್ದದ್ದು ಗೇಮಿನ ರಿಮೋಟು, ಎರಡು ಕೈಯಲ್ಲಿ ಹಿಡಿಯುವಂಥದ್ದು. ಬಲಗಡೆಯ ಹಿಡಿ ಎಣ್ಣೆ ಕುಡಿದು ಇನ್ನೂ ಜಿಡ್ಡಾಗಿತ್ತು. ಆ ಎಣ್ಣೆ ನನ್ನ ಕೈಯದು.

ಮೂರು ವರ್ಷದ ಹಿಂದಿನ ಮಾತು. ಮಳೆಗಾಲ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಕೊಪ್ಪದ ಚಿಕ್ಕತಾಯಮ್ಮನವರ ಪಂಪ್‌ಮನೆಯಲ್ಲಿ, ನೀರು ಸೋರುತ್ತಿದ್ದ ಪಂಪನ್ನು ಬಿಗಿ ಮಾಡುತ್ತಿದ್ದೆ. ಚಿಕ್ಕತಾಯಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಕಬ್ಬು, ಭತ್ತ ಬೆಳೆದುಕೊಂಡು ಬಂದ ಹೆಂಗಸು. ವಯಸ್ಸು ಅರವತ್ತು ದಾಟಿದೆ. ಆಗ ಕರೆಂಟು ಇರಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಕೊಡುವುದು ದಿನಕ್ಕೆ ಕೆಲವೇ ಗಂಟೆ. ಕಾದು ಕೂರಲಾರದವರು ಸ್ಟಾರ್ಟರನ್ನು ಆಟೋಗೆ ಹಾಕಿರುತ್ತಾರೆ, ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ತಿರುಗುತ್ತದೆ. ಅವತ್ತು ತಿರುಗಿತು. ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗಿನಲ್ಲಿ ನನ್ನ ಬಲಗೈಯ ಮೂರು ಬೆರಳು ಸಿಕ್ಕವು: ತೋರುಬೆರಳು, ನಡುಬೆರಳು, ಉಂಗುರಬೆರಳು. ಚಿಕ್ಕತಾಯಮ್ಮ ಆಟೋಗೆ ಹಾಕಿ ಮರೆತುಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ನಾನು ಹೇಳಿದ್ದು ಇಷ್ಟು.

ಮಂಡ್ಯದ ಡಾಕ್ಟರು ಕಂಬಿ ಹಾಕಿ, ಹೊಲಿದು, ತಿಂಗಳಾದ ಮೇಲೆ ಕಟ್ಟು ಬಿಚ್ಚಿದರು. ಬೆರಳು ಮೂರೂ ಇದ್ದವು, ಆದರೆ ಕೋಲಿನ ಹಾಗೆ ನೆಟ್ಟಗಿದ್ದವು. "ದಿನಾ ಮಡಿಸಿ ಮಡಿಸಿ ಅಭ್ಯಾಸ ಮಾಡಬೇಕು. ಮೂರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ. ಆಮೇಲೆ ಆಸೆ ಇಟ್ಕೋಬೇಡಿ," ಅಂದರು. ವೈಂಡಿಂಗಿನಲ್ಲಿ ತಂತಿಯನ್ನು ಎಳೆ ಎಳೆಯಾಗಿ ಮೋಟಾರಿನ ಸಂದಿಗೆ ಕೂರಿಸುವುದು ಈ ಬೆರಳುಗಳೇ. ಇವು ಮಡಿಯದಿದ್ದರೆ ನಾನು ಅಂಗಡಿಗೆ ಬೀಗ ಹಾಕಬೇಕಿತ್ತು. ಬೇರೆ ಕೆಲಸ ನನಗೆ ಬರುವುದಿಲ್ಲ.

ನನಗೆ ಮದುವೆಯಾಗಿಲ್ಲ. ಅಕ್ಕನೇ ಬಂದು, "ಒಂಟಿ ಕೈಲಿ ಅದೇನ್ ಬೇಯಿಸ್ಕತೀಯ, ನಡೀಲಾ," ಎಂದು ಬ್ಲಫ್‌ಗೆ ಕರೆದುಕೊಂಡು ಹೋದಳು. ಜುಲೈ, ಆಗಸ್ಟು, ಸೆಪ್ಟೆಂಬರು. ಹೊಳೆ ತುಂಬಿತ್ತು, ಭಾನುವಾರ ಬಂತೆಂದರೆ ಜಲಪಾತ ನೋಡುವವರ ಕಾರುಗಳು ಸಾಲುಗಟ್ಟುತ್ತಿದ್ದವು. ನೀರಿನ ಸದ್ದು ಹಗಲೂ ಇರುಳೂ ಒಂದೇ ಸಮ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುತ್ತಿರಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿಯಲು ಬರದೆ ಅಕ್ಕನೇ ಚೂರು ಮಾಡಿ ಉಪ್ಸಾರಿಗೆ ಹಾಕಿ ಚಮಚ ಕೊಡುತ್ತಿದ್ದಳು. ಚಮಚದಲ್ಲಿ ಮುದ್ದೆ ತಿಂದ ಆ ದಿನಗಳ ಅವಮಾನವನ್ನು ನಾನು ಬೇರೆಯವರ ಮುಂದೆ ಹೇಳಿಕೊಂಡದ್ದು ಇದೇ ಮೊದಲು.

ಆಸ್ಪತ್ರೆಯವರು ಒತ್ತಲು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. ಕಿಟಕಿ ಹತ್ತಿರ ಕೂತು ಒತ್ತುತ್ತಿದ್ದೆ. ಚೆಂಡು ಬಗ್ಗುತ್ತಿರಲಿಲ್ಲ, ಬೆರಳೂ ಬಗ್ಗುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅಕ್ಕನ ಮಗಳು ಕಾವ್ಯ ಒಂದು ಶನಿವಾರ ಬಂದವಳು ಇದನ್ನು ನೋಡಿ, ತನ್ನ ಗೇಮಿನ ರಿಮೋಟು ತಂದು ನನ್ನ ಕೈಗೆ ಕೊಟ್ಟಳು.

"ಮಾವ, ಇದರ ಹಿಂದ್ಗಡೆ ಎರಡು ಗುಂಡಿ ಇದಾವಲ್ಲ, ತೋರುಬೆರಳಲ್ಲಿ ಒಂದು, ನಡುಬೆರಳಲ್ಲಿ ಒಂದು ಒತ್ತು."

"ಚೆಂಡು ಒತ್ತಿದ್ರೂ ಅದೇ ತಾನೆ?"

"ಚೆಂಡು ಒತ್ತಿದ್ರೆ ಏನೂ ಆಗಲ್ಲ. ಇದು ಒತ್ತಿದ್ರೆ ಒಬ್ಬ ಸಾಯ್ತಾನೆ."

ಒಳಗಿಂದ ಅಕ್ಕ, "ಮೂವತ್ತು ದಾಟಿದ್ ಗಂಡ್ಸು ಹಗಲೊತ್ತು ಟಿವಿ ಮುಂದೆ ಆಟ ಆಡುದ್ರೆ ಕ್ವಾಟ್ರಸ್ನೋರು ಏನಂದಾರು?" ಅಂದಳು. ಅವಳು ಹೇಳುವ ಮೊದಲೇ ನಾನು ಎದ್ದು ಕಿಟಕಿ ಮುಚ್ಚಿದ್ದೆ.

ಆಟಗಳ ಹೆಸರು ಇಂಗ್ಲಿಷಿನವು, ನನಗೆ ನೆನಪಿಲ್ಲ. ನಾನು ಇಟ್ಟುಕೊಂಡ ಹೆಸರುಗಳನ್ನೇ ಹೇಳುತ್ತೇನೆ. ಮೊದಲು ಆಡಿದ್ದು ಕತ್ತಿ ಆಟ. ಒಬ್ಬ ಕತ್ತಿ ಹಿಡಿದು ಹೋಗುತ್ತಾನೆ, ತಾಳೆಮರದಷ್ಟು ಎತ್ತರದ ದೈತ್ಯ ಒಂದೇ ಏಟಿಗೆ ಅವನನ್ನು ಕೊಲ್ಲುತ್ತಾನೆ. ಮತ್ತೆ ಮೊದಲಿಂದ. ಮೊದಲ ದೈತ್ಯನ ಹತ್ತಿರವೇ ನಾನು ಎಂಟು ದಿನ ಸತ್ತೆ. ಈ ಆಟದ ಬಗ್ಗೆ ನನಗೆ ಗೌರವ ಇದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದೇ ಥರ. ತಪ್ಪು ಸುತ್ತಿದರೆ ಮಾತಿಲ್ಲದೆ ಕತ್ತರಿ ತೆಗೆದುಕೊಂಡು ಅಷ್ಟೂ ತಂತಿ ಕತ್ತರಿಸಿ ಹಾಕುತ್ತಿದ್ದ. ಪರವಾಗಿಲ್ಲ, ಚೆನ್ನಾಗಿದೆ ಎಂಬ ಮಾತೇ ಇಲ್ಲ. ಒಂಬತ್ತನೇ ದಿನ ದೈತ್ಯ ಬಿದ್ದ. ಕೂಗಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಆ ದೈತ್ಯ ಕೂತಿದ್ದ ಜಾಗ ಕಣ್ಣಿಗೆ ಬಿತ್ತು. ಅದು ಅವನ ಮನೆಯ ಅಂಗಳ. ಅವನು ಯಾರ ತಂಟೆಗೂ ಹೋಗಿರಲಿಲ್ಲ, ನಾನೇ ಹುಡುಕಿಕೊಂಡು ಹೋಗಿದ್ದೆ. ಯಾಕೆ ಕೊಂದೆ ಎಂದು ಕಾವ್ಯನಿಗೆ ಫೋನು ಮಾಡಿ ಕೇಳಿದೆ. "ಕೊಂದ್ರೇನೇ ಮಾವ ಬಾಗಿಲು ತೆರ್ಕೊಳ್ಳೋದು," ಅಂದಳು. ಬಾಗಿಲಿನ ಆಚೆ ಇನ್ನೊಬ್ಬ ದೈತ್ಯ ಇದ್ದ. ಅಲ್ಲಿಗೆ ಬಿಟ್ಟೆ.

ಎರಡನೆಯದು ಕುದುರೆ ಆಟ. ಕಣ್ಣು ಹಾಯುವಷ್ಟೂ ಬಯಲು, ಗುಡ್ಡ, ತೊರೆ, ಅಲ್ಲೊಂದು ಇಲ್ಲೊಂದು ಹಳ್ಳಿ. ಏನಾದರೂ ಮಾಡು ಎಂದು ಯಾರೂ ಅವಸರ ಮಾಡುವುದಿಲ್ಲ. ಹತ್ತು ದಿನ ನಾನು ಸುಮ್ಮನೆ ಕುದುರೆ ಓಡಿಸಿದೆ. ಅಷ್ಟು ನೀರು ಹರಿಯುತ್ತಿದ್ದರೂ ಒಂದೇ ಒಂದು ಕಾಲುವೆ ಇಲ್ಲ, ಅಷ್ಟು ಭೂಮಿಯೂ ಪಾಳು. ಮಾಡಿದವರಿಗೆ ಚಿತ್ರ ಬರೆಯಲು ಬರುತ್ತದೆ, ಬೇಸಾಯ ಗೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಆ ಬಯಲು ನೋಡುತ್ತಿದ್ದರೆ ಬೆರಳಿನ ನೋವು ಮರೆಯುತ್ತಿತ್ತು. ಅದು ಹೇಗೆ ಎಂದು ಗೊತ್ತಿಲ್ಲ.

ತೊಂದರೆ ಬಂದದ್ದು ಹಳ್ಳಿಯಲ್ಲಿ. ಕಂಡವರ ಮನೆಗೆ ನುಗ್ಗಿ, ಮಡಕೆ ಒಡೆದು, ಪೆಟ್ಟಿಗೆ ತೆಗೆದು, ಇದ್ದದ್ದನ್ನು ಎತ್ತಿಕೊಂಡು ಹೋಗಬೇಕಂತೆ. ಮನೆಯವರು ಅಲ್ಲೇ ನಿಂತಿರುತ್ತಾರೆ! ಒಬ್ಬ ಮುದುಕಿ ಒಲೆ ಮುಂದೆ ಕೂತಿದ್ದಳು. ನಾನು ಒಳಗೆ ಹೋದವನು ಏನೂ ಮುಟ್ಟದೆ ಈಚೆಗೆ ಬಂದೆ.

"ಮಾವ, ನೀನು ಮಡಕೆ ಒಡೀದೆ ಇದ್ರೆ ನಿಂಗೆ ಕತ್ತಿ ಸಿಗಲ್ಲ," ಎಂದಳು ಕಾವ್ಯ.

"ಕಳ್ತನ ಮಾಡಾಕಿಲ್ಲ ಕಣವ್ವ ನಾನು. ಕೋಲಲ್ಲೇ ಹೊಡೀತೀನಿ."

ಕೋಲಿನಲ್ಲಿ ಹೊಡೆದರೆ ನರಿಯೂ ಸಾಯುತ್ತಿರಲಿಲ್ಲ. ನಿಯತ್ತಿನಿಂದ ಇದ್ದವನು ಬಡವನಾಗಿಯೇ ಇರಬೇಕು ಎಂದು ಆಟ ಮಾಡಿದವರೇ ತೀರ್ಮಾನ ಮಾಡಿದ್ದರೋ, ನನಗೆ ಆಡಲು ಬರಲಿಲ್ಲವೋ, ಇವತ್ತಿಗೂ ಬಗೆಹರಿದಿಲ್ಲ.

ನಾನು ನಿಯತ್ತಿನ ಮಾತಾಡಿದ ಆ ವಾರವೇ ಚಿಕ್ಕತಾಯಮ್ಮ ಬಂದರು. ಕೊಪ್ಪದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಬ್ಲಫ್, ಮೂರು ಬಸ್ಸು ಹತ್ತಿ ಇಳಿದು ಬಂದಿದ್ದರು. ಬುಟ್ಟಿಯಲ್ಲಿ ಹೊಟ್ಟಿನ ನಡುವೆ ನಾಟಿಕೋಳಿ ಮೊಟ್ಟೆ, ಸೀಸೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ. ಮೊದಲು ಹೇಳಿದ ಎಣ್ಣೆ ಇದೇ. ನನ್ನ ಕೈ ಹಿಡಿದುಕೊಂಡು, "ನನ್ನಿಂದ ನಿನ್ ಕೈ ಹಿಂಗಾಗೋಯ್ತಲ್ಲಪ್ಪ. ಆಟೋಗಾಕಿದ್ನೋ ಇಲ್ವೋ ನಂಗೆ ಗ್ಯಾನವೇ ಇಲ್ಲ," ಎಂದು ಅತ್ತರು.

"ಆಯ್ತು ಬುಡಮ್ಮ, ಹಣೇಬರ," ಅಂದೆ.

ಅಕ್ಕ ಕಾಫಿ ಕೊಟ್ಟಳು. ಅವರು ಮಳೆಯಲ್ಲೇ ಬಸ್ಸಿಗೆ ಹೋದರು. ನಾನು ಎಣ್ಣೆ ಹಚ್ಚಿಕೊಂಡು ಕುದುರೆ ಹತ್ತಿದೆ.

ಮೂರನೆಯದು ಕಾರು-ಬಂದೂಕಿನ ಆಟ. ಪಟ್ಟಣದಲ್ಲಿ ಸಿಕ್ಕವರ ಕಾರು ಕಿತ್ತುಕೊಂಡು, ಸಿಕ್ಕವರಿಗೆ ಗುದ್ದಿಕೊಂಡು ಹೋಗುವುದು. ನನ್ನ ಮಟ್ಟಿಗೆ ಇದು ದಂಡ. ಅಕ್ಕನಿಗೆ ಮಾತ್ರ ಬಲು ಇಷ್ಟವಾಯಿತು. ಸೊಪ್ಪು ಸೋಸುತ್ತಾ ಬಂದು ಕೂತು, "ಲೇ, ಆ ಸ್ಕೂಟ್ರುನೋನು ಎಡಗಡೆಯಿಂದ ನುಗ್ತಾವ್ನೆ, ಬುಡಬ್ಯಾಡ ಅವ್ನ," ಎನ್ನುತ್ತಿದ್ದಳು. ಇರುವೆಯ ಮೇಲೂ ಕಾಲಿಡದ ಹೆಂಗಸು. ಎರಡೇ ದಿನಕ್ಕೆ ಆ ಆಟ ತೆಗೆದಿಟ್ಟೆ. ಅವಳು ವಾರವೆಲ್ಲ ಕೇಳುತ್ತಿದ್ದಳು.

ಆಗಸ್ಟು ಮುಗಿಯುವ ಹೊತ್ತಿಗೆ ತೋರುಬೆರಳು ಅರ್ಧ ಮಡಿಯುತ್ತಿತ್ತು, ನಡುಬೆರಳು ಕಾಲು ಭಾಗ. ಉಂಗುರಬೆರಳು ಅಲುಗಿರಲಿಲ್ಲ. ಇನ್ನು ಉಳಿದಿದ್ದದ್ದು ಒಂದು ತಿಂಗಳು. ಆಗ ಹಾಕಿದ್ದು ಪಾಳೂರಿನ ಆಟ.

ನಾಲ್ಕರಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಇದೇ. ಬೆಟ್ಟದ ಮೇಲೆ ಜನ ಬಿಟ್ಟುಹೋದ ಒಂದು ಊರು. ಒಬ್ಬ ಹುಡುಗಿ ಹಗ್ಗ ಹಿಡಿದು ಗೋಡೆ ಹತ್ತುತ್ತಾಳೆ, ಮುಚ್ಚಿದ ಬಾಗಿಲುಗಳ ಕೀಲು ಹುಡುಕುತ್ತಾಳೆ. ಕೊಲ್ಲುವುದು ಕಡಿಮೆ, ಯೋಚನೆ ಮಾಡುವುದು ಜಾಸ್ತಿ. ಚಕ್ರ, ಸರಪಳಿ, ತೂಬು ಎಲ್ಲ ಕೆಲಸದವನ ಕಣ್ಣಿಗೆ ಅರ್ಥವಾಗುವಂತೆ ಇಟ್ಟಿದ್ದರು. ಇಂಗ್ಲಿಷ್ ಓದಬಲ್ಲ ಕಾವ್ಯ ಎರಡು ದಿನ ಒದ್ದಾಡಿದ ಬಾಗಿಲನ್ನು ನಾನು ಅರ್ಧ ಗಂಟೆಯಲ್ಲಿ ತೆಗೆದೆ. ಅವತ್ತು ಒಂದು ಮುದ್ದೆ ಜಾಸ್ತಿ ಉಂಡೆ.

ಹುಡುಗಿ ಹೋಗುತ್ತಾ ಹೋಗುತ್ತಾ ಒಂದು ಹಳೆಯ ಕರೆಂಟು ಮನೆಗೆ ಬರುತ್ತಾಳೆ. ಅಲ್ಲಿ ಆಳೆತ್ತರದ ಒಂದು ಸ್ವಿಚ್ಚಿನ ಹಿಡಿ. ರಿಮೋಟಿನ ಹಿಂದಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಹಿಡಿ ಕೆಳಗೆ ಬರುತ್ತದೆ, ಊರಿಗೆ ಕರೆಂಟು ಬರುತ್ತದೆ, ಮುಂದಕ್ಕೆ ಹೋಗುವ ಲಿಫ್ಟು ಏರುತ್ತದೆ. ಎರಡು ಗಂಟೆಗೆ ಶಿಫ್ಟು ಮುಗಿಸಿ ಬಂದ ಭಾವ ಊಟ ಮಾಡಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅದುವರೆಗೆ ಯಾವ ಆಟದ ಬಗ್ಗೆಯೂ ತುಟಿ ಬಿಚ್ಚದವರು ಥಟ್ಟನೆ ಎದ್ದರು.

"ತಡಿ ತಡಿ. ಕಿಟಕೀಲಿ ನೋಡು. ಕಂಬದ ಮೇಲೆ ಯಾರೋ ಅವ್ನೆ."

ನಿಜ. ಕಿಟಕಿಯ ಆಚೆ ದೂರದಲ್ಲಿ ಒಂದು ಕಂಬ. ಅದರ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ, ಬೆನ್ನು ಈ ಕಡೆಗೆ.

"ಬೊಂಬೆ ಭಾವ ಅದು."

"ಬೊಂಬೆನೋ ಮನ್ಸನೋ, ಲೈನ್ ಕ್ಲಿಯರ್ ಯಾರ್ ಕೊಟ್ರು? ಅವ್ನು ಇಳೀದೆ ಹಿಡಿ ಮುಟ್ಬ್ಯಾಡ."

ಲೈನ್ ಕ್ಲಿಯರ್ ಅಂದರೆ ಅವರ ಕೆಲಸದ ದೊಡ್ಡ ಕಟ್ಟಳೆ. ತಂತಿ ಮೇಲೆ ಕೆಲಸ ಮಾಡುವವನು ಕರೆಂಟು ನಿಲ್ಲಿಸಿ ಎಂದು ಬರೆದು ಕೇಳಬೇಕು, ಇವರು ನಿಲ್ಲಿಸಿ ಬರೆದು ಕೊಡಬೇಕು. ಮುಗಿದ ಮೇಲೆ ತೆಗೆದುಕೊಂಡವನೇ ಬಂದು ವಾಪಸು ಕೊಡಬೇಕು. ಅಲ್ಲಿಯವರೆಗೆ ಮಂತ್ರಿಯೇ ಬಂದು ಹೇಳಿದರೂ ಸ್ವಿಚ್ಚು ಹಾಕುವ ಹಾಗಿಲ್ಲ. ನನಗೂ ಅದು ಸರಿ ಅನ್ನಿಸಿತು. ಇಬ್ಬರೂ ಸೇರಿ ಆ ಮನುಷ್ಯನನ್ನು ಇಳಿಸುವ ದಾರಿ ಹುಡುಕಿದೆವು. ಕಂಬದ ಹತ್ತಿರ ಹೋಗಲು ಆಗಲಿಲ್ಲ. ಕೂಗಲು ಗುಂಡಿ ಇಲ್ಲ. ಭಾವ ಟೇಬಲ್ಲಿನ ಮೇಲೆ ರಿಜಿಸ್ಟರ್ ಇದೆಯೇ ನೋಡು ಅಂದರು, ಇರಲಿಲ್ಲ. ಒಂದು ಕಲ್ಲು ಎಸೆ ಅಂದರು, ಎಸೆದೆ, ಕಿಟಕಿ ಗಾಜೂ ಒಡೆಯಲಿಲ್ಲ. ಹೀಗೇ ಹನ್ನೊಂದು ದಿನ ಹೋಯಿತು. ಕಾವ್ಯ ಫೋನಿನಲ್ಲಿ ನಕ್ಕು ನಕ್ಕು, "ಅಪ್ಪಾ, ಅದು ಬರೀ ಅಲಂಕಾರಕ್ಕೆ ಇಟ್ಟಿರೋದು. ಎಲ್ರೂ ಹಿಡಿ ಎಳ್ದು ಹೋಗ್ತಾರೆ," ಅಂದಳು.

"ಎಲ್ರೂ ಎಳೀತಾರೆ ಅಂತ ನಾನ್ ಎಳ್ದಿದ್ರೆ ಮೂವತ್ ವರ್ಸದಲ್ಲಿ ಎಷ್ಟ್ ಜನ ಸತ್ತಿರೋರು? ಮಡುಗು ಫೋನ," ಎಂದರು ಭಾವ.

ಆಮೇಲೆ ನನ್ನ ಕಡೆ ತಿರುಗಿ, ಏನೋ ಹವಾಮಾನ ಕೇಳುವಂತೆ ಕೇಳಿದರು: "ಅದ್ಸರಿ ಕುಮಾರ, ನಿನ್ ಕೈ ಸಿಗಾಕ್ಕೊಂಡ್ ದಿನ ಫ್ಯೂಸ್ ಎಲ್ಲಿತ್ತು?"

"ಆಯಮ್ಮ ಆಟೋಗಾಕಿ ಮರ್ತ್‌ಬುಟ್ಟಿದ್ರು ಭಾವ."

"ಅದ ಕೇಳ್ಲಿಲ್ಲ. ಫ್ಯೂಸ್ ಎಲ್ಲಿತ್ತು?"

ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವುದೇ ಇದು: ಮೋಟಾರಿಗೆ ಕೈ ಹಾಕುವ ಮುಂಚೆ ಮೂರೂ ಫ್ಯೂಸು ಕಿತ್ತು ನಿನ್ನ ಜೇಬಿಗೆ ಹಾಕಿಕೋ. ಮಾಲೀಕ ಆಟೋಗಾದರೂ ಹಾಕಲಿ, ಅವನಪ್ಪನೇ ಬಂದು ಒತ್ತಲಿ, ಜೇಬಿನಲ್ಲಿ ಫ್ಯೂಸಿದ್ದರೆ ಮೋಟಾರು ತಿರುಗುವುದಿಲ್ಲ. ಹದಿನೆಂಟು ವರ್ಷ ತಪ್ಪದೆ ಕಿತ್ತಿದ್ದೆ. ಅವತ್ತು ಕೀಳಲಿಲ್ಲ. ಎರಡು ಗಂಟೆಗೆ ಮೊದಲು ಕರೆಂಟು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂಬ ಗರ್ವ ಇತ್ತು. ಬಂದದ್ದು ಒಂದೂಕಾಲಿಗೆ.

ಭಾವ ಉತ್ತರಕ್ಕೆ ಕಾಯಲಿಲ್ಲ, ಎದ್ದು ಹೋಗಿ ಮಲಗಿದರು. ಈ ಪ್ರಶ್ನೆ ಅವರಿಗೆ ಆ ಕಂಬ ನೋಡಿ ಹೊಳೆಯಿತೋ, ಮೊದಲೇ ಇತ್ತೋ ನಾನು ಕೇಳಿಲ್ಲ.

ಮಾರನೆಯ ದಿನ ಅವರು ಶಿಫ್ಟಿಗೆ ಹೋಗಿದ್ದಾಗ, ಅಕ್ಕ ಹಿತ್ತಲಿನಲ್ಲಿದ್ದಾಗ, ನಾನು ಒಬ್ಬನೇ ಆ ಹಿಡಿಯ ಮುಂದೆ ಹುಡುಗಿಯನ್ನು ನಿಲ್ಲಿಸಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಅವನು ಬೀಳುತ್ತಾನೋ ಇಲ್ಲವೋ ನೋಡಬೇಕಿತ್ತು. ಬಿದ್ದರೆ ಭಾವ ಹೇಳಿದ್ದು ಸರಿ. ಬೀಳದಿದ್ದರೆ, ಬೀಳದಿದ್ದರೆ ಏನು ಎಂದು ಯೋಚಿಸಿರಲಿಲ್ಲ. ಎರಡು ಗುಂಡಿಗೂ ಬೆರಳಿಟ್ಟು ಒತ್ತಿದೆ. ಹಿಡಿ ಅರ್ಧ ಬಂದು ನಿಂತಿತು. ಪೂರ್ತಿ ಒತ್ತಬೇಕು. ನೋವು ಮೊಣಕೈಗೆ ಹತ್ತಿತು, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಹಿಡಿ ಕೆಳಗೆ ಬಂತು. ಪಾಳೂರಿನ ಬೀದಿಗಳಲ್ಲಿ ಒಂದೊಂದೇ ದೀಪ ಹತ್ತಿತು.

ಕಂಬದ ಮೇಲಿದ್ದವನು ಬೀಳಲಿಲ್ಲ. ಇಳಿಯಲೂ ಇಲ್ಲ. ಬೆನ್ನು ಮಾಡಿಕೊಂಡು ಹಾಗೇ ಇದ್ದ.

ಬಿದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು. ಕೈ ನೋಡಿಕೊಂಡರೆ ತೋರುಬೆರಳೂ ನಡುಬೆರಳೂ ರಿಮೋಟಿನ ಹಿಂದೆ ಪೂರ್ತಿ ಮಡಿದು ಕೂತಿದ್ದವು. "ಅಕ್ಕಾ!" ಎಂದು ಕೂಗಿದೆ. ಅವಳು ಒದ್ದೆ ಕೈಯಲ್ಲೇ ಓಡಿಬಂದು, ನನ್ನ ಬೆರಳುಗಳನ್ನು ಬಿಡಿಸಿ ಮಡಿಸಿ ನೋಡಿ, ಗೋಡೆಯ ದೇವರ ಪಟಕ್ಕೆ ಕೈ ಮುಗಿದಳು. ಮಾಡಬಾರದು ಅಂದದ್ದನ್ನು ಮಾಡಿದ ಗಳಿಗೆಯಲ್ಲೇ ಕೈ ಬಂತು. ಸಂತೋಷಪಡುವುದೋ ಹೆದರುವುದೋ ತಿಳಿಯದೆ ಕೂತಿದ್ದೆ.

ಮಧ್ಯಾಹ್ನ ಭಾವ ಬಂದವರು ಟಿವಿಯಲ್ಲಿ ದೀಪ ಹತ್ತಿದ ಊರನ್ನು ನೋಡಿದರು.

"ಹಾಕ್ಬುಟ್ಯಾ?"

"ಊ."

"ಬಿದ್ನಾ?"

"ಇಲ್ಲ."

"ಸದ್ಯ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ಆಮೇಲೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರಲಿಲ್ಲ. ಲಿಫ್ಟು ತೆರೆದೇ ಇತ್ತು, ನಾನೂ ಹುಡುಗಿಯನ್ನು ಹತ್ತಿಸಲಿಲ್ಲ.

ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಊರಿಗೆ ಬಂದೆ. ಅಂಗಡಿ ತೆಗೆಯುವ ಮುಂಚೆ ಕೊಪ್ಪಕ್ಕೆ ಹೋದೆ. ಚಿಕ್ಕತಾಯಮ್ಮ ಪಂಪ್‌ಮನೆ ಮುಂದೆ ಹುಲ್ಲು ಕೊಯ್ಯುತ್ತಿದ್ದರು. ನಿಂತುಕೊಂಡೇ ಹೇಳಿದೆ.

"ಅಮ್ಮೋ, ಅವತ್ತು ಫ್ಯೂಸ್ ಕೀಳ್ಬೇಕಾಗಿದ್ದು ನಾನು. ಕೀಳ್ಲಿಲ್ಲ."

"ಅಂಗಂದ್ರೆ?"

"ಆಟೋದಲ್ಲಿದ್ರೂ ಫ್ಯೂಸ್ ಇಲ್ದಿದ್ರೆ ಮೋಟ್ರು ತಿರುಗಾಕಿಲ್ಲ. ಕೆಲ್ಸ ಮಾಡೋನೇ ಕಿತ್ತು ಮಡಿಕ್ಕೋಬೇಕು. ನಿಮ್ದೇನಿಲ್ಲ ಅದ್ರಲ್ಲಿ."

ಕುಡುಗೋಲು ಕೆಳಗಿಟ್ಟರು. "ಅವತ್ನಿಂದ ನಾನು ಆ ಸ್ವಿಚ್ ಮುಟ್ಟಿಲ್ಲ ಕಣ್ಲಾ. ಪಕ್ಕದ್ ಗದ್ದೆಯೋನ್ನ ದಿನಾ ಕೈ ಮುಗ್ದು ಕರೀತೀನಿ. ಬಂದ್ರೆ ಬಂದ, ಇಲ್ದಿದ್ರೆ ಇಲ್ಲ. ಕೆಲ್ಸದೋನ ಕೈ ತೆಗ್ದೋಳು ಅಂತ ಅಳ್ಳೀಲಿ ನನ್ನ ಏನೇನಂದ್ರು ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ ನನ್ ಮೊಟ್ಟೆ ತಿಂದ್ಯಾ?"

ಇದಕ್ಕೆ ನಾನು ಏನು ಹೇಳಿದೆ ಎಂದು ನೆನಪಿಲ್ಲ. ತಪ್ಪಾಯಿತು ಅಂದೆನೋ ಇಲ್ಲವೋ, ಅದೂ ನೆನಪಿಲ್ಲ. ಬನ್ನಿ, ನಾನು ಪಕ್ಕದಲ್ಲಿರುತ್ತೇನೆ, ಸ್ವಿಚ್ಚು ಹಾಕಿ ಎಂದದ್ದು ಮಾತ್ರ ನೆನಪಿದೆ.

"ನೀನ್ ಆಚೇಲೇ ನಿಂತ್ಕೋ," ಅಂದರು.

ಒಳಗೆ ಹೋಗಿ, ಫ್ಯೂಸು ಯಾವುದು ಎಂದು ಅಲ್ಲಿಂದಲೇ ಕೇಳಿದರು. ಹೇಳಿದೆ. ಮೂರನ್ನೂ ಕಿತ್ತು, ಸೆರಗಿನಲ್ಲಿ ಒರೆಸಿ, ತಿರುಗಿಸಿ ನೋಡಿ, ತಾವೇ ವಾಪಸು ಹಾಕಿದರು. ಹಸಿರು ಗುಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಒತ್ತಿದರು. ನೀರು ಬಂದು ತೊಟ್ಟಿಗೆ ಬಿತ್ತು. ಅವರು ನೀರು ನೋಡುತ್ತಾ ನಿಂತರೇ ಹೊರತು ನನ್ನ ಕಡೆ ತಿರುಗಲಿಲ್ಲ. ಆ ವರ್ಷದಿಂದ ಅವರ ಮೋಟಾರು ಕೆಟ್ಟರೆ ಮಂಡ್ಯದಿಂದ ಯಾರೋ ಬರುತ್ತಾರೆ.

ಈಗ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಮದ್ದೂರಿನಲ್ಲಿ ಅಂಗಡಿ ಒಂದು. ಮಡಿಯುವ ಬೆರಳು ಒಂಬತ್ತು, ಮಡಿಯದ್ದು ಒಂದು. ದಿನಕ್ಕೆ ಸುತ್ತುವ ಮೋಟಾರು ಒಂದು, ಮೊದಲು ಎರಡು. ಅರ್ಧಕ್ಕೆ ಬಿಟ್ಟ ಆಟ ನಾಲ್ಕು, ಮುಗಿಸಿದ್ದು ಒಂದೂ ಇಲ್ಲ. ಕೊಪ್ಪದಲ್ಲಿ ನನ್ನನ್ನು ಕರೆಯುವ ಪಂಪ್‌ಮನೆ ಹದಿನಾಲ್ಕು. ಮೊದಲು ಹದಿನೈದು ಇತ್ತು.